ಶಾಹೀನಳ ನಾಕು ನಾಝಲ್

ಯಾರಲೇ ಅದು, ಮುತ್ಯಾಗ ಮರವು ಬಡದೈತಿ ಅಂತ ಗ್ರೂಪಿನ್ಯಾಗ ಬರದಾಂವ? ನಿಂಗರಾಜ, ನಿನಗ ಹೇಳಾಕತ್ತೀನಿ, ಫೋನ್ ಕಿವಿಗೆ ಗಟ್ಟಿ ಹಿಡ್ಕೊ. ರಾಜೇಶನ ಕಾರು ಕೆಂಪು ಅಂತ ಬರದೀಯಲ್ಲ, ಅದು ಬಿಳೇದು. ಬಾನೆಟ್ ಒಂದೇ ಕೆಂಪು, ಗುಜರಿಯಾಗ ತಂದು ಹಾಕಿದ್ದು. ನೀ ಮಂದಿ ಹಿಂದ ನಿಂತು, ಹೆಗಲ ಸಂದ್ಯಾಗ ಬಾನೆಟ್ ಅಷ್ಟೇ ನೋಡಿ ಮನಿಗೆ ಹೋಗೀದಿ. ನನಗ ಎಪ್ಪತ್ತಾರು. ಮೊಣಕಾಲು ಹೋಗ್ಯಾವ, ಹಲ್ಲು ಹೋಗ್ಯಾವ, ತಲಿ ಎಲ್ಲೂ ಹೋಗಿಲ್ಲ. ನಿನ್ನೆ ಏನು ಉಂಡಿ ಅಂತ ಕೇಳಿದ್ರ ತಡವರಸ್ತೀನಿ, ಅದು ಖರೆ. ಆದ್ರ ಆ ದಿನ ಮಸ್ಕಿ ರೇಸಿನ್ಯಾಗ ಕಾರಿನ ಮೀಟರಿನ ಮುಳ್ಳು ಎಲ್ಲಿ ನಿಂತಿತ್ತು ಅಂತ ಕೇಳು. ಮೂರರ ಮ್ಯಾಲ ನಿಂತಿತ್ತು. ಕಥಿ ಇರೋದೇ ಅಲ್ಲಿ. ಸುಮ್ನ ಕೂತು ಕೇಳ್ರಿ, ನಡುವ ಹೆಬ್ಬೆಟ್ಟಿನ ಚಿತ್ರ ಒತ್ತಿ ಕಳಸಬ್ಯಾಡ್ರಿ.

ಸಿಂಧನೂರಾಗ ಗಂಗಾವತಿ ರಸ್ತೆಕ್ಕ ಕರೀಂಸಾಬನ ಪಂಪ್-ನಾಝಲ್ ಅಂಗಡಿ ಐತಿ. ಟ್ರ್ಯಾಕ್ಟರು, ಲಾರಿ, ಭತ್ತ ಕೊಯ್ಯೋ ಮಷೀನು, ಎಲ್ಲದರ ಡೀಸೆಲ್ ಪಂಪು ಅಲ್ಲಿಗೇ ಬರ್ತಾವ. ನಾಝಲ್ ಅಂದ್ರ ಇಂಜಿನ್ನಿಗೆ ಎಣ್ಣಿ ಸಿಡಸೋ ಮೂತಿ. ಅದನ್ನ ಬಿಚ್ಚಿ, ತೊಳದು, ಅಳಿಯೋ ಬೆಂಚಿಗೆ ಕಟ್ಟಿ, ನಿಮಿಷಕ್ಕ ಎಷ್ಟು ಎಣ್ಣಿ ಉಗುಳ್ತೈತಿ ಅಂತ ಗಾಜಿನ ಕೊಳವಿಯಾಗ ಅಳೀತಾರ. ಕರೀಂಸಾಬಂದು ನಲವತ್ತು ವರ್ಷದ ಕೈ. ಆ ಅಂಗಡಿಗೆ ಒಂದು ಕಟ್ಟಳಿ ಐತಿ, ಬಿಚ್ಚಿದ ಪೈಪಿನ ಬಾಯಿ ತೆರೆದು ಇಡಂಗಿಲ್ಲ. ಡೀಸೆಲ್ ಪಂಪಿಗೆ ಒಂದು ಉಸುಕಿನ ಕಾಳು ಹೊಕ್ರ ಅದರ ಆಯುಷ್ಯ ಮುಗೀತು. ಅದಕ್ಕ ಕರೀಂಸಾಬ ಹಳೇ ಬನಿಯನ್ ಹರದು, ಎಳಿ ಬಿಡದಂಗ ಸುತ್ತಿ, ತುದಿಗೆ ಎರಡು ಗಂಟು ಹಾಕಿ, ಡಬ್ಬಿ ತುಂಬ ಬಿರಡಿ ಮಾಡಿ ಇಟ್ಟಿರ್ತಿದ್ದ. ತೆರೆದ ಬಾಯಿ ಕಂಡ್ರ ಸಾಕು, ಉಣ್ಣಾಂವ ಎದ್ದು ಬಂದು ಬಿರಡಿ ಬಡೀತಿದ್ದ. ಒಮ್ಮೆ ಗಿರಾಕಿಯ ನೀರಿನ ಬಾಟ್ಲಿಗೂ ಬಡದಿದ್ದ. ಆ ಮನಷ್ಯಾ ಬಾಟ್ಲಿ ಎತ್ತಿ ಕುಡಿಯಾಕ ಹೋಗಿ ಬನಿಯನ್ ಕಚ್ಚಿದ.

ಮಗಳು ಶಾಹೀನ್. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಆರು ವರ್ಷದಿಂದ ಅದೇ ಬೆಂಚಿನ ಮುಂದ ಅದಾಳ. ಎರಡು ವರ್ಷದ ಹಿಂದ ಕರೀಂಸಾಬನ ಕೈ ನಡಗಾಕ ಸುರು ಆತು. ಆಮ್ಯಾಲ ನಾಝಲ್ ಕೂಡ್ಸಾಕಿ ಆಕಿ, ಅಳ್ಯಾಕಿ ಆಕಿ, ಸೀಲ್ ಒತ್ತಾಕಿ ಆಕಿ. ಆದ್ರ ಡ್ರೈವರ್ ಮಂದಿ ಏನ್ ಮಾಡ್ತಿದ್ರು? ಒಳಗ ಬಂದು, ಆಕಿ ತಲಿ ಮ್ಯಾಲಿಂದ ಹಿಂದ ನೋಡ್ತಿದ್ರು.

"ಅಬ್ಬಾ ಇಲ್ಲೇನವ್ವ?"

"ಚಾ ಕುಡ್ಯಾಕ ಹೋಗ್ಯಾರ. ಕೊಡ್ರಿ ಇಲ್ಲಿ."

"ಇರಲಿ ಬಿಡು. ಕೂಡ್ತೀನಿ."

ಕೂಡ್ತಿದ್ರು. ಕರೀಂಸಾಬ ಬಂದು ನಾಝಲ್ ಇಸ್ಕೊಂಡು, ಪರದೆ ಹಿಂದ ಹೋಗಿ ಮಗಳ ಕೈಗೆ ಕೊಡ್ತಿದ್ದ. ಆಕಿ ಮಾಡಿ ಅಪ್ಪನ ಕೈಗೆ ಕೊಡ್ತಿದ್ಲು. ಡ್ರೈವರು, "ಕೈ ಅಂದ್ರ ನಿಮ್ಮದು ಉಸ್ತಾದ್" ಅಂತ ಹೇಳಿ ಹೋಗ್ತಿದ್ದ. ಶಾಹೀನ್ ಪರದೆ ಹಿಂದ ನಿಂತು ಕೈಯಾಗಿನ ಎಣ್ಣಿ ಒರಸ್ಕೊಂತಿದ್ಲು. ಎರಡು ವರ್ಷ ಹಂಗ ಒರಸ್ಕೊಂಡಾಳ.

ಕೊನಿಗೆ ಕರೀಂಸಾಬ ಒಂದು ಠರಾವು ಮಾಡಿದ. ಬೆಂಚು ಲಿಂಗಸೂಗೂರಿನ ಬುಡ್ಡೇಸಾಬಗ ಕೊಟ್ಟು ಅಂಗಡಿ ಮುಚ್ಚೋದು. ಬುಡ್ಡೇಸಾಬ ಇವನ ಕೈಯಾಗ ಕಲ್ತಾಂವ, ಹದಿನೈದು ವರ್ಷದಿಂದ ಅಲ್ಲಿ ಸ್ವಂತ ಅಂಗಡಿ ನಡಸ್ತಾನ. ಶಾಹೀನ್ ಕೇಳಿದ್ಲು, "ನಾ ಇದ್ದೀನಲ್ಲ ಅಬ್ಬಾ?" ಅವನು ಅಂದ, "ನೀ ಇದ್ದೀ ಬೇಟಾ, ಮಂದಿಗೆ ನಿನ್ನ ಮ್ಯಾಲ ಭರೋಸಾ ಇಲ್ಲ. ಭರೋಸಾ ಇಲ್ಲದ ಅಂಗಡಿ ಎಷ್ಟು ದಿನ ನಡೀತೈತಿ?"

ಬುಡ್ಡೇಸಾಬ ಬೆಂಚು ನೋಡಾಕ ಬಂದ ದಿನಾನೇ ರಾಜೇಶನೂ ಬಂದ.

ರಾಜೇಶ ಹಟ್ಟಿ ಗಣಿಯಾಗ ಎಲೆಕ್ಟ್ರಿಷಿಯನ್. ಪಾಳಿ ಮುಗಿಸಿ ಬಂದ್ರ ಕಾರಿನ ಕೆಳಗ ಮಲಗಾಂವ. ಹೆಂಡ್ತಿ ಯಶೋಧರಾ ಊಟದ ತಾಟು ಅಲ್ಲಿಗೇ ಸರಸ್ತಾಳ ಅಂತ ಕ್ವಾರ್ಟರ್ಸಿನ ಮಂದಿ ನಗ್ತಾರ. ಹಳೇ ಪೆಟ್ರೋಲ್ ಕಾರಿಗೆ ಟರ್ಬೋ ಕೂಡ್ಸಿದ್ದ. ಟರ್ಬೋ ಅಂದ್ರ ಇಂಜಿನ್ನಿಗೆ ಗಾಳಿ ದಬ್ಬೋ ಫ್ಯಾನು. ಗಾಳಿ ಹೆಚ್ಚು ಹೋದ್ರ ಪೆಟ್ರೋಲೂ ಅಷ್ಟೇ ಹೆಚ್ಚು ಹೋಗಬೇಕು. ಗಾಳಿ ಹೋಗಿ ಪೆಟ್ರೋಲ್ ಕಮ್ಮಿ ಬಿತ್ತೋ, ಒಳಗ ಕುಲುಮಿ ಎದ್ದು ಪಿಸ್ಟನ್ ಕರಗಿ ಹೋಗ್ತೈತಿ. ರಾಜೇಶ ಇಂಜಿನ್ನಿನ ಕಿಡಿ ಹಾರ್ಸೋ ಪ್ಲಗ್ ಒಂದು ತಂದು ಮೇಜಿನ ಮ್ಯಾಲ ಇಟ್ಟ. ತುದಿ ಕರಗಿ ಜ್ವಾಳದ ಕಾಳಿನಂಗ ಗುಂಡಗಾಗಿತ್ತು.

"ಮಸ್ಕಿಯಾಗ ರೇಸ್ ಐತ್ರಿ, ಇನ್ನ ಮೂರು ವಾರ," ಅಂದ ರಾಜೇಶ. "ಬುಡ್ಡೇಸಾಬ್ ಪ್ರೆಶರ್ ಮೂರರಿಂದ ಐದಕ್ಕ ಏರ್ಸಿ ಕೊಟ್ಟಿದ್ರು. ಆದ್ರೂ ಹಿಂಗಾತು."

ಬುಡ್ಡೇಸಾಬ ಬೆಂಚಿನ ಉದ್ದ ಟೇಪಿನಿಂದ ಅಳ್ಯಾಕತ್ತಿದ್ದ. ತಲಿ ಎತ್ತಲಿಲ್ಲ. "ಐದು ಸಾಲಲಿಲ್ಲ ಅಂದ್ರ ಆರು ಮಾಡು."

ಕರೀಂಸಾಬ ನಕ್ಕ. "ಆರು ಕಿಲೋ ಪ್ರೆಶರಾ? ನಾವು ಟ್ರ್ಯಾಕ್ಟರ್ ನಾಝಲ್ ಇನ್ನೂರು ಕಿಲೋಕ್ಕ ಸಿಡಸ್ತೀವಿ. ಮೂರು ಕಿಲೋ ಅಂದ್ರ ನನ್ನ ಸೈಕಲ್ ಟ್ಯೂಬು. ಏರ್ಸಪ್ಪ, ಏನಾಗಂಗಿಲ್ಲ."

ಡೀಸೆಲ್ ಮಂದಿಯ ತಲಿ ಅದು. ನಾಝಲ್ ಸರಿ ಉಗುಳಲಿಲ್ಲ ಅಂದ್ರ ಒಂದು ತೆಳು ಬಿಲ್ಲಿ ಹಾಕಿ ಪ್ರೆಶರ್ ಏರ್ಸೋದು, ಮುಗೀತು. ಹುಟ್ಟಿದಾಗಿನಿಂದ ಅದನ್ನೇ ಮಾಡ್ಯಾರ.

ಶಾಹೀನ್ ಪರದೆ ಸರಿಸಿ ಹೊರಗ ಬಂದ್ಲು. "ಅಬ್ಬಾ, ಇದು ಡೀಸೆಲ್ ಅಲ್ಲ. ಇದರ ನಾಝಲ್ಲೇ ಸಣ್ಣದು. ಪ್ರೆಶರ್ ಏರ್ಸಿದ್ರ ಸಾಲಂಗಿಲ್ಲ."

"ನಿನಗ ಹೆಂಗ ಗೊತ್ತು?" ಅಂದ ಬುಡ್ಡೇಸಾಬ.

"ಅಳದು ತೋರಸ್ತೀನಿ. ಟೇಪ್ ಜರಾ ಆಕಡೆ ತಗೀರಿ ಚಾಚಾ."

ಅಲ್ಲೇ ಬಾಗಲದಾಗ ಹೊನ್ನೂರಪ್ಪ ಕೂತಿದ್ದ. ದಢೇಸುಗೂರಾಂವ, ಮೂವತ್ತು ವರ್ಷ ಕಾಲುವಿ ಗೇಟು ನೋಡ್ಕೊಂಡು ರಿಟೈರ್ ಆಗ್ಯಾನ. ಅಳಿಯನ ಟ್ರ್ಯಾಕ್ಟರ್ ನಾಝಲ್ ಮಡಲಾಗ ಇಟ್ಕೊಂಡು, ಅಂವನೂ ಕರೀಂಸಾಬನ ಕೈಗೇ ಕೊಡಬೇಕಂತ ಕಾಯಾಕತ್ತಿದ್ದ.

ಶಾಹೀನ್ ಪೆಟ್ರೋಲ್ ನಾಝಲ್‌ಗೆ ಒಂದು ಸಣ್ಣ ಬೆಂಚು ಬ್ಯಾರೆ ಮಾಡಿಟ್ಟಿದ್ಲು. ಅದಕ್ಕ ರಾಜೇಶನ ನಾಝಲ್ ಕಟ್ಟಿದ್ಲು. ಮೂರು ಕಿಲೋ ಪ್ರೆಶರಿಗೆ ನಿಮಿಷದಾಗ ನೂರೈವತ್ತು ಮಿಲಿ ಬಂತು. ನಾಕಕ್ಕ ಇಟ್ಲು, ನೂರಾ ಎಪ್ಪತ್ಮೂರು. ಆರಕ್ಕ ಇಟ್ಲು. ಬುಡ್ಡೇಸಾಬ ಬಗ್ಗಿ ನೋಡಿದ. ಪ್ರೆಶರ್ ಎರಡು ಪಟ್ಟು ಆಗೈತಿ, ಎಣ್ಣಿ ಮುನ್ನೂರು ಆಗಬೇಕಿತ್ತು. ಕೊಳವಿಯಾಗ ಇನ್ನೂರಾ ಹನ್ನೆರಡು ನಿಂತಿತ್ತು.

"ರಾಜೇಶಣ್ಣನ ಇಂಜಿನ್ ನೂರೈವತ್ತು ಕುದುರಿ ಶಕ್ತಿ ಕೊಡಬೇಕಂದ್ರ ಒಂದೊಂದು ನಾಝಲ್ ನಿಮಿಷಕ್ಕ ಇನ್ನೂರಾ ಮೂವತ್ತು ಕೊಡಬೇಕು," ಅಂದ್ಲು ಶಾಹೀನ್. "ಅದೂ ಪೂರಾ ಹೊತ್ತು ಬಾಯಿ ತಕ್ಕೊಂಡೇ ಇರಬಾರ್ದು. ನೂರರಾಗ ಎಂಬತ್ತು ಪಾಲು ತೆಗದು ಇಪ್ಪತ್ತು ಪಾಲು ಮುಚ್ಚಬೇಕು, ಇಲ್ಲಾಂದ್ರ ಕಾದು ಅಂಟ್ಕೊಂತೈತಿ. ಹಂಗಂದ್ರ ಮುನ್ನೂರು ಮಿಲಿ ನಾಝಲ್ ಬೇಕು. ಮತ್ತ ಪ್ರೆಶರ್ ಐದರ ಮ್ಯಾಲ ಹೋದ್ರ ಕಾರಿನ ಪಂಪು ಎಣ್ಣಿ ಕೊಡೋದೇ ಕಮ್ಮಿ ಮಾಡ್ತೈತಿ."

ಕರೀಂಸಾಬ ಒಪ್ಪಲಿಲ್ಲ. "ನಿನ್ನ ಕೊಳವಿ ತಪ್ಪು ಇರಬೇಕು."

ಆವಾಗ ಬಾಗಲದಾಗಿಂದ ಹೊನ್ನೂರಪ್ಪ ಅಂದ, "ಕೊಳವಿ ತಪ್ಪಿಲ್ಲ ಕರೀಂಸಾಬ್. ಕಾಲುವಿಯಾಗ ಹಿಂಗೇ ಆಗೋದು. ಹೊಲಕ್ಕ ಬಿಡೋ ಪೈಪಿನ ಮ್ಯಾಲ ಒಂದು ಅಡಿ ನೀರು ನಿಂತ್ರ ಒಂದು ಪಾಲು ಬರ್ತೈತಿ. ಎರಡು ಪಾಲು ಬೇಕಂದ್ರ ಎರಡು ಅಡಿ ಸಾಲಂಗಿಲ್ಲ, ನಾಕು ಅಡಿ ನಿಲ್ಲಬೇಕು. ಅಷ್ಟು ನಿಲ್ಸಿದ್ರ ಕಾಲುವಿ ದಂಡಿ ಒಡೀತೈತಿ. ರೈತರು ಬಂದು, ಗೇಟ್ ಏರ್ಸು ಗೇಟ್ ಏರ್ಸು ಅಂತ ನನ್ನ ಅಂಗಿ ಹಿಡೀತಿದ್ರು. ಗೇಟ್ ಅಲ್ಲಲೇ, ಪೈಪ್ ದೊಡ್ಡದು ಹಾಕ್ಸಿರಿ ಅಂತಿದ್ದೆ ನಾನು."

"ನೀರು ಬ್ಯಾರೆ, ಎಣ್ಣಿ ಬ್ಯಾರೆ."

"ಎರಡೂ ತೂತಿನ್ಯಾಗ ಹಾಯೋದೇ ಅಲ್ಲೇನು ಮಾರಾಯ?"

ಕರೀಂಸಾಬ ಕೊಳವಿ ಬೆಳಕಿಗೆ ಹಿಡದು ನೋಡಿದ. ಸಿಟ್ಟೂ ಬಂದಿತ್ತು, ಮಗಳ ಮಾತು ಎದಿಗೆ ನಾಟೂ ನಾಟಿತ್ತು. ಎಲ್ಲಾರ ಮುಂದ ಹೇಳಿದ, "ಆತು. ನೀ ಹೇಳಿದಂಗ ಮಾಡು. ನಾ ಕೈ ಹಾಕಂಗಿಲ್ಲ. ಮಸ್ಕಿಯಿಂದ ಆ ಕಾರು ತನ್ನ ಕಾಲ ಮ್ಯಾಲ ಗೆದ್ದು ಬಂದ್ರ ಈ ಬೆಂಚು ನಿಂದು, ಅಂಗಡಿ ನಿಂದು. ಹಗ್ಗ ಕಟ್ಟಿ ಎಳ್ಕೊಂಡು ಬಂದ್ರ, ಮರುದಿನಾನೇ ಬೆಂಚು ಟೆಂಪೋ ಹತ್ತತೈತಿ."

ಬುಡ್ಡೇಸಾಬ ಟೇಪ್ ಮಡಚಿ ಕಿಸೆಕ್ಕ ಇಟ್ಟ. "ನಂದೂ ಒಂದು ಕಾರು ಬರ್ತೈತಿ ಮಸ್ಕಿಗೆ. ಆರು ಕಿಲೋ ಪ್ರೆಶರಿಟ್ಟು. ನೋಡೇ ಬಿಡೋಣು."

ಮೂರು ವಾರ ಶಾಹೀನ್ ನೆಟ್ಟಗ ಉಣ್ಣಲಿಲ್ಲ. ರಾಯಚೂರಿನ ಗುಜರಿಯಿಂದ ದೊಡ್ಡ ಕಾರಿನ ನಾಝಲ್ ಒಂಬತ್ತು ತರ್ಸಿದ್ಲು. ತೊಳದು, ಅಳದು, ಒಂದಕ್ಕೊಂದು ಎರಡು ಮಿಲಿಗಿಂತ ಹೆಚ್ಚು ಫರಕ್ ಇಲ್ಲದ ನಾಕು ಆರಿಸಿದ್ಲು. ಎತ್ತಿನ ಜೋಡಿ ನೋಡಿದಂಗ ನೋಡಿದ್ಲು ನೋಡ್ರಿ. ಟ್ಯಾಂಕಿನ್ಯಾಗ ದೊಡ್ಡ ಪಂಪ್ ಇಳಿಸಿದ್ಲು. ಲ್ಯಾಪ್‌ಟಾಪ್ ಹಚ್ಚಿ ಕಾರಿನ ಕಂಪ್ಯೂಟರಿಗೆ, ನಾಝಲ್ ದೊಡ್ಡದಾಗೈತಿ, ಹಿಂದಿನ ಅರ್ಧ ಹೊತ್ತು ತೆಗದ್ರ ಸಾಕು ಅಂತ ಹೇಳಿಕೊಟ್ಲು. ಅಷ್ಟು ಹೇಳದಿದ್ರ ಪೆಟ್ರೋಲ್ ಸುರದು ಪ್ಲಗ್ ತೋಯಿಸಿ ಬಿಡ್ತಿತ್ತು.

ಪ್ರೆಶರ್ ಮೂರಕ್ಕೇ ಇಟ್ಲು. ಹೊನ್ನೂರಪ್ಪ ದಿನಾ ಬಂದು ಕೂಡ್ತಿದ್ದ, ಏನರ ಒಂದು ಕೇಳ್ತಿದ್ದ. ಪ್ರೆಶರ್ ಸಂಬಾಳ್ಸೋ ಡಬ್ಬಿಯಿಂದ ಇಂಜಿನ್ನಿಗೆ ಒಂದು ಕಿರುಬೆರಳಿನಷ್ಟು ರಬ್ಬರ್ ಪೈಪ್ ಹೋಗಿತ್ತು. "ಇದರಾಗ ಪೆಟ್ರೋಲ್ ಹರಿಯಂಗಿಲ್ಲ ಅಂತೀ, ಮತ್ತ ಯಾಕಬೇ ಇದು?" ಅಂದ.

"ಕಾಕಾ, ನೀವು ಬಾಗಲಾ ದಬ್ಬಾಕತ್ತೀರಿ ಅನ್ರಿ. ಒಳಗಿಂದ ಒಬ್ಬ ಎದುರು ದಬ್ತಾನ. ಅಂವ ಒಂದು ಕಿಲೋ ದಬ್ಬಿದ್ರ ನೀವೂ ಒಂದು ಕಿಲೋ ಜಾಸ್ತಿ ದಬ್ಬಬೇಕಲ್ಲ? ಟರ್ಬೋ ಗಾಳಿ ನಾಝಲ್ ಬಾಯಿಗೆ ಎದುರು ದಬ್ತೈತಿ. ಎಷ್ಟು ದಬ್ಬೈತಿ ಅಂತ ಡಬ್ಬಿಗೆ ಸುದ್ದಿ ಹೇಳೋದು ಈ ಪೈಪು. ಗಾಳಿ ಒಂದು ಕಿಲೋ ಏರಿದ್ರ ಪೆಟ್ರೋಲ್ ಮೂರರಿಂದ ನಾಕಕ್ಕ ಏರ್ತೈತಿ. ಎದುರಿನ ಒಂದು ಕಳೀರಿ, ಮತ್ತ ಮೂರಕ್ಕ ಮೂರು."

"ಸುದ್ದಿ ಪೈಪು ಅನ್ನು," ಅಂದ ಹೊನ್ನೂರಪ್ಪ.

ಗುರುವಾರ ತುರ್ವಿಹಾಳದ ಕಡೆ ಖಾಲಿ ರಸ್ತೆಯಾಗ ಓಡಿಸಿ ನೋಡಿದ್ರು. ಪೆಟ್ರೋಲ್ ಪ್ರೆಶರಿನ ಮುಳ್ಳು ಬರಾಬರ್ ಮೂರರಿಂದ ನಾಕಕ್ಕ ಏರಿತು. ಶುಕ್ರವಾರ ಶಾಹೀನಳಿಗೆ ಸುದ್ದಿ ಪೈಪಿನ ಕ್ಲಿಪ್ ಸಡ್ಲ ಅನಿಸ್ತು, ಬಿಚ್ಚಿಟ್ಟು ಊಟಕ್ಕ ಹೋದ್ಲು. ಬಂದು ಹೊಸ ಕ್ಲಿಪ್ ಹಾಕಿ ಬಿಗದ್ಲು. ರವಿವಾರ ರಾಜೇಶ ಕಾರು ಮೆಲ್ಲಕ ಮಸ್ಕಿಗೆ ಒಯ್ದ, ಟರ್ಬೋ ಏಳೋ ಹಂಗ ದಾರ್ಯಾಗ ಎಲ್ಲೂ ಒತ್ತಲಿಲ್ಲ.

ಮಸ್ಕಿ ಹೊರಗ ಪ್ಲಾಟ್ ಹಾಕಿ ಯಾರೂ ಕೊಳ್ಳದ ಒಂದು ಲೇಔಟ್ ಐತಿ. ಮನಿ ಒಂದೂ ಇಲ್ಲ, ರಸ್ತೆ ಮಾತ್ರ ಗಾಜಿನಂಗ. ಪೊಲೀಸ್ ಪರವಾನಗಿ ತಗೊಂಡು, ಆಂಬುಲೆನ್ಸ್ ನಿಲ್ಸಿ, ಎರಡೂ ಕಡೆ ಭತ್ತದ ಹುಲ್ಲಿನ ಪೆಂಡಿ ಒಟ್ಟಿದ್ರು. ಒಂದು ಸಲಕ್ಕ ಒಂದೇ ಕಾರು, ನಾನೂರು ಮೀಟರು, ಒಬ್ಬೊಬ್ಬರಿಗೆ ಎರಡು ಸಲ. ಗುಡ್ಡದ ಕಡಿಂದ ಬಿಸಿಲು ಕಣ್ಣಿಗೆ ಹೊಡ್ಯಾಕತ್ತಿತ್ತು. ಸಿಂಧನೂರಿನ ಅರ್ಧ ಡ್ರೈವರ್ ಮಂದಿ ಅಲ್ಲೇ ಇದ್ರು. ಕರೀಂಸಾಬ ಒಂದು ಪೆಂಡಿ ಮ್ಯಾಲ ಕೂತಿದ್ದ, ನಡಗೋ ಕೈ ಎರಡೂ ತೊಡಿ ನಡುವ ಒತ್ತಿ ಹಿಡ್ಕೊಂಡು.

ಬುಡ್ಡೇಸಾಬನ ಕಾರು ಮೊದಲ ಸಲ ಹದಿನೈದು ಪಾಯಿಂಟ್ ಒಂಬತ್ತು ಸೆಕೆಂಡಿಗೆ ದಾಟ್ತು. ಅಲ್ಲಿತನಕಾ ಅದೇ ಎಲ್ಲಾರಕಿಂತ ಜೋರು.

ರಾಜೇಶ ಹೊಂಟ. ನೂರು ಮೀಟರ್ ಚಲೋ ಹೋತು. ಆಮ್ಯಾಲ ಇಂಜಿನ್ನಿಂದ ಡಬ್ಬಿಯಾಗ ಗೋಲಿ ಅಳ್ಳಾಡಿಸಿದಂಗ ಕಟಕಟ ಸಪ್ಪಳ ಬಂತು. ರಾಜೇಶ ಕಾಲು ತಗದ. ಕಾರು ಹೆಣ ಹೊತ್ತಂಗ ತೆವಳ್ಕೊಂಡು ಗೆರಿ ದಾಟ್ತು.

"ಹಗ್ಗ ತಂದೀರೇನ್ರೋ?" ಅಂತ ಯಾರೋ ಕೂಗಿದ್ರು. ಮಂದಿ ನಕ್ರು.

ಶಾಹೀನ್ ಕಾರಿನ ಕಡೆ ಓಡಿದ್ಲು. ಲೆಕ್ಕ ತಪ್ಪೀನೇನು? ನಾಝಲ್ ತಪ್ಪು ಆರಿಸೀನೇನು? ಆದ್ರ ಆಕಿ ಅಳಿಯೋ ಮನಷ್ಯಾಳು, ಅಂದಾಜಿನ ಮ್ಯಾಲ ಅಳಾಕಿ ಅಲ್ಲ. ಮೀಟರ್ ಮುಂದ ಫೋನ್ ಕಟ್ಟಿ ವಿಡಿಯೋ ಹಚ್ಚಿಟ್ಟಿದ್ಲು. ಬಿಚ್ಕೊಂಡು ನೋಡಿದ್ಲು. ಟರ್ಬೋ ಮುಳ್ಳು ಒಂದಕ್ಕ ಏರೈತಿ. ಪೆಟ್ರೋಲ್ ಮುಳ್ಳು ನಾಕಕ್ಕ ಏರಬೇಕಿತ್ತು. ಮೂರರ ಮ್ಯಾಲ ಮೊಳಿ ಬಡದಂಗ ನಿಂತೈತಿ.

ಪಂಪ್ ಸೋತಿದ್ರ ಮುಳ್ಳು ಕೆಳಗ ಬೀಳ್ತಿತ್ತು. ಬಿದ್ದಿಲ್ಲ, ಏರೂ ಇಲ್ಲ. ಅಂದ್ರ ಡಬ್ಬಿಗೆ ಸುದ್ದೀನೇ ಹೋಗಿಲ್ಲ.

ಆ ಕೆಂಪು ಬಾನೆಟ್ ಎತ್ತಿ ಸುದ್ದಿ ಪೈಪಿನ ಕ್ಲಿಪ್ ಬಿಚ್ಚಿದ್ಲು. ಒಳಗ ಇಣುಕಿದ್ಲು. ಬೆಳಕು ಕಾಣಲಿಲ್ಲ. ಚಿಮುಟಿ ಹಾಕಿ ಎಳದ್ಲು. ಬನಿಯನ್ ಅರಿವಿ ಬಿರಡಿ. ತುದಿಗೆ ಎರಡು ಗಂಟು.

ಶುಕ್ರವಾರ ಊಟಕ್ಕ ಹೋಗಿದ್ದು ನೆಪ್ಪಾತು. ಕೈ ಹಾಕಂಗಿಲ್ಲ ಅಂತ ಮಾತು ಕೊಟ್ಟ ಅಪ್ಪ, ತೆರೆದ ಬಾಯಿ ಕಂಡು ತಡಕೊಳ್ಳಾಕ ಆಗಿಲ್ಲ. ಬಿರಡಿ ಪೂರಾ ಒಳಗ ಇಳದಿತ್ತು, ತಾನೂ ಕೂಡ್ಸೋ ಮುಂದ ಇಣುಕಿ ನೋಡಿಲ್ಲ. ಅಪ್ಪನ ಅಂಗಡ್ಯಾಗ ಬೆಳದಾಕಿ, ಬಿರಡಿ ಇದ್ದೇ ಇರ್ತೈತಿ ಅಂತ ಆಕಿಗೆ ಗೊತ್ತಿರಬೇಕಿತ್ತು.

"ಏನದು?" ಅಂದ ರಾಜೇಶ.

ಶಾಹೀನ್ ಬಿರಡಿ ಮುಷ್ಟಿಯಾಗ ಹಿಡದ್ಲು. ಪೆಂಡಿ ಮ್ಯಾಲ ಕೂತ ಅಪ್ಪನ್ನ ನೋಡಿದ್ಲು. ಸುತ್ತ ಅಷ್ಟೂ ಡ್ರೈವರ್ ಮಂದಿ ನಿಂತಾರ. ಹೇಳಿದ್ರ ತನ್ನ ಲೆಕ್ಕ ಗೆಲ್ತೈತಿ, ಅಪ್ಪನ ನಲವತ್ತು ವರ್ಷದ ಇಜ್ಜತ್ ಅಲ್ಲೇ ಮಣ್ಣಿಗೆ ಬೀಳ್ತೈತಿ.

"ಕಸ," ಅಂದ್ಲು. ಪೈಪ್ ಊದಿ ನೋಡಿ, ಕೂಡ್ಸಿ, ಕ್ಲಿಪ್ ಬಿಗದ್ಲು. "ಈ ಸಲ ಕಾಲು ತಗೀಬ್ಯಾಡ ಅಣ್ಣ. ಮುಳ್ಳು ನಾಕಕ್ಕ ಹೋದ್ರ ಸೀದಾ ಒತ್ತು. ಹೋಗಲಿಲ್ಲ ಅಂದ್ರ ಅಲ್ಲೇ ಬಿಡು."

ಬುಡ್ಡೇಸಾಬನ ಕಾರು ಎರಡನೇ ಸಲ ನಡುವ ಕೆಮ್ಮಿತು, ಹದಿನಾರರ ಮ್ಯಾಲ ಬಂತು. ಆರು ಕಿಲೋಕ್ಕ ಅದರ ಪಂಪ್ ಕಾದು ಸೋತಿತ್ತು. ಆದ್ರೂ ಮೊದಲಿನ ಹದಿನೈದು ಪಾಯಿಂಟ್ ಒಂಬತ್ತು ಹಂಗೇ ನಿಂತಿತ್ತಲ್ಲ, ಅದನ್ನ ಮುರೀಬೇಕು.

ರಾಜೇಶ ಹೊಂಟ. ನೂರು ಮೀಟರಿಗೆ ಶಾಹೀನ್ ಕಿವಿಗೊಟ್ಟು ಕೇಳಿದ್ಲು. ಗೋಲಿ ಸಪ್ಪಳ ಬರಲಿಲ್ಲ. ಇನ್ನೂರು. ಟರ್ಬೋ ಸೀಟಿ ಹೊಡೀತು, ಇಂಜಿನ್ ಒಂದೇ ಉಸುರಿನ್ಯಾಗ ಹಾಡಾಕತ್ತಿತು. ಏನ್ ಹೇಳಲಿ, ಗೇಟ್ ಎತ್ತಿದಾಗ ಕಾಲುವಿ ನೀರು ನುಗ್ಗೋ ಹಂಗ ಹೋತು ಆ ಗಾಡಿ, ಅಡೆತಡೆ ಇಲ್ಲದಂಗ. ಹುಲ್ಲಿನ ಪೆಂಡಿಯ ಹೊಟ್ಟು ಎದ್ದು ಮಂದಿ ಕಣ್ಣಾಗ ಬಿತ್ತು. ಗೆರಿ ದಾಟ್ತು. ಮೈಕಿನಾಂವ ಒಮ್ಮೆ ಓದಿದ, ನಂಬಲಾರ್ದ ಮತ್ತೊಮ್ಮೆ ಓದಿದ. ಹದಿನೈದು ಪಾಯಿಂಟ್ ಎರಡು ಸೆಕೆಂಡ್, ಎಲ್ಲಾರಕಿಂತ ಜೋರು.

ಹಗ್ಗ ಕೇಳಿದ ಬಾಯೇ ಎಲ್ಲಾರಕಿಂತ ಮೊದಲು ಸೀಟಿ ಹೊಡೀತು. ಯಶೋಧರಾ ಓಡಿ ಬಂದು ಶಾಹೀನಳನ್ನ ಅಪ್ಕೊಂಡ್ಲು. "ಇನ್ನರ ಅಂವ ತಾಟಿನ ಮುಂದ ಕೂತು ಉಣ್ತಾನೇನವ್ವ?" ಅಂದ್ಲು. ಹೊನ್ನೂರಪ್ಪ ಟವಲ್ ಬೀಸಿ ಕುಣದ. ಎಪ್ಪತ್ತರ ಮುದುಕ ಕುಣದ, ನಾ ನೋಡೀನಿ.

ಬುಡ್ಡೇಸಾಬ ಬಂದ. ಬಂದಾಂವ ಎಲ್ಲಿಗೆ ಹೋದ? ಕರೀಂಸಾಬನ ಕಡೆ. "ಉಸ್ತಾದ್, ಕೊನಿಗೂ ನೀವೇ ಕೈ ಹಾಕಿದ್ರಿ ಅನ್ರಿ. ಇಲ್ಲಾಂದ್ರ ಇದು ಆಗೋ ಮಾತಾ?"

ಸುತ್ತ ನಿಂತ ಡ್ರೈವರ್ ಮಂದಿ ಗೋಣು ಹಾಕಿದ್ರು, ಹೌದೌದು ಅಂದ್ರು. ಶಾಹೀನಳಿಗೆ ಮತ್ತ ಪರದೆ ಹಿಂದ ನಿಂತಂಗಾತು.

ಕರೀಂಸಾಬ ಎದ್ದ. ಮೆಲ್ಲಕ ಬಂದು ಮಗಳ ಮುಷ್ಟಿ ಹಿಡದ. "ತೋರ್ಸು."

"ಏನಿಲ್ಲ ಅಬ್ಬಾ, ಕಸ."

"ನನ್ನ ಕೈ ಗಂಟು ನನಗ ಗುರ್ತು ಸಿಗಂಗಿಲ್ಲೇನು? ನೀ ಎಳಿಯೋ ಮುಂದ ಕಂಡೀನಿ." ಆಕಿ ಬೆರಳು ಬಿಡಿಸಿ ಬಿರಡಿ ತಗೊಂಡ, ನಡಗೋ ಕೈಯಾಗೇ ಮ್ಯಾಲ ಎತ್ತಿ ಹಿಡದ. "ಕೈ ಹಾಕಿದ್ದು ಖರೆ ಬುಡ್ಡೇಸಾಬ. ಹಾಕಿ ಕೆಡಿಸೀನಿ. ಆ ಪೈಪಿನ ಬಾಯಿ ನಾನೇ ಮುಚ್ಚಿದ್ದೆ. ಈಕಿ ಹುಡುಕಿ ತಗದ್ಲು, ನನ್ನ ಮಾನ ಹೋಗಬಾರ್ದು ಅಂತ ಕಸ ಅಂದ್ಲು. ಎಲ್ಲಾರೂ ಕೇಳ್ರಿ, ಎರಡು ವರ್ಷದಿಂದ ನಿಮ್ಮ ನಾಝಲ್ ಎಲ್ಲಾ ಮಾಡಾಕತ್ತಾಕಿ ಈಕೀನೇ. ನಾ ಬರೇ ಇಸ್ಕೊಂಡು ಕೊಡಾಂವ."

ಬುಡ್ಡೇಸಾಬ ಕಿಸೆದಾಗಿನ ಟೇಪ್ ತಗದು ನೋಡಿದ, ಶಾಹೀನಳ ಕೈಗೆ ಇಟ್ಟ. ಕೆಟ್ಟ ಮನಷ್ಯಾ ಅಲ್ಲ ಅಂವ, ಕಲಿಸಿದ್ದನ್ನ ಕಲ್ತಿದ್ದ ಅಷ್ಟೇ. "ಬೆಂಚು ಅಳಿಯೋ ಕೆಲಸ ಇನ್ನ ನನಗಿಲ್ಲ. ನಾಳಿ ನನ್ನ ಕಾರಿನ ನಾಕೂ ನಾಝಲ್ ತರ್ತೀನಿ. ಎಷ್ಟರವು ಬೇಕು ನೋಡಿ ಹೇಳವ್ವ."

"ತರ್ರಿ ಚಾಚಾ. ಪಂಪೂ ತರ್ರಿ."

ಸೋಮವಾರ ಮುಂಜಾನೆ ಅಂಗಡಿಗೆ ಮೊದಲು ಬಂದಾಂವ ಭತ್ತ ಕೊಯ್ಯೋ ಮಷೀನಿನ ಡ್ರೈವರ್ ಶಾಮೀದಸಾಬ, ಹಗ್ಗ ಕೇಳಿದ ಬಾಯಿ ಅಂವಂದೇ. ಕರೀಂಸಾಬ ಬಾಗಲದಾಗೇ ಕೂತಿದ್ದ, ಚಾ ಕುಡೀಕೊಂತ. ಶಾಮೀದಸಾಬ ಅವನಿಗೆ ಸಲಾಂ ಹೊಡದು, ದಾಟಿ ಒಳಗ ಹೋಗಿ, ಆರು ನಾಝಲ್ ಶಾಹೀನಳ ಕೈಗೇ ಕೊಟ್ಟ. ಪರದೆ ಆ ದಿನಾನೇ ಇಳೀತು. ಕರೀಂಸಾಬ ಅದನ್ನ ಹರದು ಒರಸೋ ಅರಿವಿ ಮಾಡಿದ. ಈಗ ಬೋರ್ಡಿನ ಮ್ಯಾಲ ಶಾಹೀನ್ ಪಂಪ್-ನಾಝಲ್ ಅಂತ ಐತಿ, ಕೆಳಗ ಸಣ್ಣಕ್ಷರದಾಗ, ಪೆಟ್ರೋಲ್ ಟರ್ಬೋ ಕೆಲಸಾನೂ ಮಾಡ್ತಾರ ಅಂತ. ಕರೀಂಸಾಬ ದಿನಾ ಬರ್ತಾನ, ಬಿರಡಿ ಬಡೀತಾನ. ಆಕಿ ಕೂಡ್ಸೋ ಮುಂದ ಒಂದೊಂದೂ ಊದಿ ನೋಡ್ತಾಳ.

ಇಷ್ಟೇ. ನಿಂಗರಾಜ, ಕೇಳಿದಿ ಅಲ್ಲಾ? ಇದನ್ನ ನಿನ್ನ ಫೋನಿನ್ಯಾಗ ಕೊಳೀಸಬ್ಯಾಡ. ಲಿಂಗಸೂಗೂರು ಗ್ರೂಪಿಗೆ ಹಾಕು, ಹಟ್ಟಿ ಕ್ವಾರ್ಟರ್ಸಿನ ಗ್ರೂಪಿಗೆ ಹಾಕು. ಇನ್ನೂ ಒಂದು ಮಾತು. ನಿಮ್ಮೂರಾಗ ಯಾವದರ ಅಂಗಡ್ಯಾಗ ಪರದೆ ಹಿಂದ ನಿಂತು ಒಬ್ಬಾಕಿ ಕೈ ಒರಸ್ಕೊಳ್ಳಾಕತ್ತಿದ್ರ, ಎಲ್ಲಾರಕಿಂತ ಮೊದಲು ಆಕಿಗೆ ಕಳಸ್ರಿ. ಕಾರು ಬಿಳೇದು ಅಂತ ಸೇರಿಸಿ ಕಳಸ್ರಿ.